ಗುದ್ದಲಯ್ಯನ ಎತ್ತರದ ಏರಿ

ಮಕ್ಕಳೇ, ಬಳುಕುಹೊಳೆ ಬಿದಿರುಮೆಳೆ ದಾಟಿ ಎಡಕ್ಕೆ ಹೊರಳುವ ಕಡೆ ಒಂದು ಕೆರೆ ಇತ್ತು. ಅದನ್ನು ಯಾವ ರಾಜನೂ ಕಟ್ಟಿಸಿದ್ದಲ್ಲ. ಮನುಷ್ಯರು ರಸ್ತೆ ಹಾಕಲೆಂದು ಹೊಳೆ ದಂಡೆಯ ನೊರಜುಗಲ್ಲನ್ನು ಅಗೆದಗೆದು ಲಾರಿಗೆ ತುಂಬಿಕೊಂಡು ಹೋಗಿದ್ದರು. ರಸ್ತೆ ಮುಗಿಯಿತು, ಲಾರಿ ಬರುವುದು ನಿಂತಿತು, ಗುಂಡಿ ಮಾತ್ರ ಅಲ್ಲೇ ಉಳಿಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಂಡಿಯಲ್ಲಿ ನೀರು ನಿಂತಿತು. ನೀರು ನಿಂತರೆ ಜೊಂಡು ಬರುತ್ತದೆ, ಜೊಂಡು ಬಂದರೆ ಕಪ್ಪೆ ಬರುತ್ತದೆ, ಕಪ್ಪೆ ಬಂದರೆ ಗಲಾಟೆ ಬರುತ್ತದೆ. ಹೀಗೆ ಜಲ್ಲಿಗುಂಡಿ ಹೋಗಿ ಗುಂಡಿಕೆರೆ ಆಯಿತು.

ಗುಂಡಿಕೆರೆಗೂ ಹೊಳೆಗೂ ನಡುವೆ ಇದ್ದದ್ದು ಒಂದು ಮಣ್ಣಿನ ಏರಿ, ಅಷ್ಟೆ. ಆ ಕಡೆ ಹೊಳೆ, ಈ ಕಡೆ ಕೆರೆ. ಏರಿ ಒಡೆದರೆ ಹೊಳೆ ಸೀದಾ ಕೆರೆಯೊಳಗೆ ನುಗ್ಗಿ, ಕೆರೆಯನ್ನೇ ತನ್ನ ದಾರಿ ಮಾಡಿಕೊಂಡು ಹೋಗಿಬಿಡುತ್ತದೆ. ಆಮೇಲೆ ಜೊಂಡೂ ಇಲ್ಲ, ಗೂಡೂ ಇಲ್ಲ, ಬೆರಳುದ್ದದ ಮೀನುಮರಿಗಳಂತೂ ಯಾವ ಸಮುದ್ರಕ್ಕೆ ಹೋಗಿ ಬೀಳುತ್ತವೋ ದೇವರೇ ಬಲ್ಲ.

ಈ ಏರಿಗೆ ಒಬ್ಬ ಮೇಸ್ತ್ರಿ ಇದ್ದ. ಗುದ್ದಲಯ್ಯ ಎಂಬ ಹೆಗ್ಗಣ.

ಗುದ್ದಲಯ್ಯನ ಕೆಲಸದಲ್ಲಿ ಹುಳುಕು ಹುಡುಕುವ ಹಾಗಿರಲಿಲ್ಲ. ಮಣ್ಣನ್ನು ಮೂಸಿ ನೋಡಿಯೇ ಇದು ಜೇಡಿ, ಇದು ಮರಳು, ಇದು ಕೆಲಸಕ್ಕೆ ಬಾರದ ಸವಳು ಎಂದು ಹೇಳುತ್ತಿದ್ದ. ಮುಂಗಾಲಿನಿಂದ ತೋಡಿ, ಹಿಂಗಾಲಿನಿಂದ ಎಸೆದು, ಹೊಟ್ಟೆಯಿಂದ ಒತ್ತಿ, ಬಾಲದಿಂದ ಸಾರಿಸಿದನೆಂದರೆ ಅದರ ಮೇಲೆ ಇರುವೆ ಕೂಡ ಜಾರಬೇಕು. ಅವನಿಗೆ ಇದ್ದದ್ದು ಒಂದೇ ಕಷ್ಟ. "ಹೌದು, ನೀವು ಹೇಳಿದ್ದೇ ಸರಿ" ಎಂಬ ಮಾತು ಅವನ ಗಂಟಲಿನಿಂದ ಹೊರಗೆ ಬರುತ್ತಿರಲಿಲ್ಲ. ಮೀನಿನ ಮುಳ್ಳಿನ ಹಾಗೆ ಅಲ್ಲೇ ಅಡ್ಡ ಸಿಕ್ಕಿಕೊಳ್ಳುತ್ತಿತ್ತು.

ಹಿಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿ, ಏರಿಯ ಅಂಚಿಗೆ ಇನ್ನೊಂದು ಗೇಣು ಇದೆ ಎನ್ನುವಾಗ, ಏನೋ ನೆನಪಾದವರ ಹಾಗೆ ವಾಪಸು ಇಳಿದು ಹೋಗಿತ್ತು. ಆ ಒಂದು ಗೇಣಿನ ಭಯ ಯಾರ ಎದೆಯಿಂದಲೂ ಹೋಗಿರಲಿಲ್ಲ. ಈ ಸಲ ಬೇಸಿಗೆ ಮುಗಿಯುವ ಹೊತ್ತಿಗೆ ಎಲ್ಲರೂ ಜೊಂಡಿನ ಪಕ್ಕ ಸಭೆ ಸೇರಿದರು.

ನೀರುಕೋಳಿ ಕ್ವಾಕಮ್ಮ ಮೊದಲು ಬಾಯಿ ತೆರೆದಳು. "ಮೇಸ್ತ್ರಿಗಳೇ, ಈ ಸಲ ಆರು ಮೊಟ್ಟೆ ಇಡೋಣ ಅಂತಿದ್ದೀನಿ. ಇಡಲಾ, ಬೇಡವಾ? ನೀವೇ ಹೇಳಿ."

"ಆರು ಯಾಕಮ್ಮ, ಎಂಟು ಇಡು!" ಎಂದ ಗುದ್ದಲಯ್ಯ ಮೀಸೆ ಕೊಡವುತ್ತ. "ಏರೀನ ಇನ್ನೂ ಎರಡು ಮೊಳ ಎತ್ತರಿಸಿಬಿಡ್ತೀನಿ. ಹೊಳೆ ಬಂದು, ಕತ್ತೆತ್ತಿ ನೋಡಿ, ಕತ್ತು ನೋಯಿಸಿಕೊಂಡು ವಾಪಸ್ ಹೋಗಬೇಕು."

"ಆಹಾ! ಎಂಥಾ ಮಾತು!" ಎಂದಿತು ಕಪ್ಪೆ ವಟರಾಯ. ಅದಕ್ಕೆ ಹೊಗಳುವುದೇ ಕಸುಬು. "ಎರಡು ಮೊಳ! ಮೇಸ್ತ್ರಿ ಅಂದ್ರೆ ನೀವೇ ಮೇಸ್ತ್ರಿ!"

ಅಷ್ಟರಲ್ಲಿ ಏರಿಯ ಕೆಳತುದಿಯಿಂದ, ಹೊಳೆ ಮುಂದಕ್ಕೆ ಹರಿದು ಹೋಗುವ ಕಡೆಯಿಂದ, ಒಂದು ಸಣ್ಣ ದನಿ ಬಂತು. "ಎತ್ತರಿಸೋದು ಬೇಡ. ಒಂದು ಕಡೆ ತಗ್ಗಿಸಿ."

ಎಲ್ಲರೂ ತಿರುಗಿ ನೋಡಿದರು. ಏಡಿ ಅಡ್ಡಕ್ಕ ತನ್ನ ಪಾಡಿಗೆ ತಾನು ಪಕ್ಕಪಕ್ಕಕ್ಕೆ ಹೆಜ್ಜೆ ಹಾಕುತ್ತ ಬರುತ್ತಿದ್ದಳು. ಕೆರೆಗೆ ಅವಳು ಹೊಸಬಳು. ಹೊಳೆಯ ಕೆಳಗಿನ ಊರುಗಳಲ್ಲಿ ಇಂಥವೇ ಎರಡು ಗುಂಡಿಕೆರೆಗಳಲ್ಲಿ ಸಂಸಾರ ಮಾಡಿ, ಎರಡರ ಏರಿಯೂ ಒಡೆದು, ಮನೆಮಠ ಕಳೆದುಕೊಂಡು ಬಂದಿದ್ದಳು. ಅವಳ ನಡಿಗೆಯೂ ಅಡ್ಡ, ಮಾತೂ ಅಡ್ಡ ಎಂದು ಕೆರೆಯವರು ನಗುತ್ತಿದ್ದರು.

"ತಗ್ಗಿಸೋದಾ?" ಗುದ್ದಲಯ್ಯ ಹುಬ್ಬೇರಿಸಿದ. "ಕಳ್ಳ ಬರ್ತಾನೆ ಅಂತ ಗೊತ್ತಿದ್ದೂ ಬಾಗಿಲು ತೆಗೆದು, ಮಣೆ ಹಾಕಿ ಕೂರಿಸು ಅಂತೀಯಾ ಅಡ್ಡಕ್ಕ?"

"ಹೊಳೆ ಕಳ್ಳ ಅಲ್ಲ ಮೇಸ್ತ್ರಿಗಳೇ, ನೆಂಟ. ವರ್ಷಕ್ಕೊಂದು ಸಲ ಬಂದೇ ಬರುತ್ತೆ. ಬಾಗಿಲಿದ್ರೆ ಬಾಗಿಲಿಂದ ಬರುತ್ತೆ, ಇಲ್ಲದಿದ್ರೆ ಗೋಡೆ ಒಡ್ಕೊಂಡು ಬರುತ್ತೆ. ಇನ್ನೊಂದು ವಿಷಯ ಕೇಳಿ. ನಾನು ಎರಡು ಏರಿ ಒಡೆದದ್ದನ್ನ ಕಣ್ಣಾರೆ ನೋಡಿದ್ದೀನಿ. ಅವು ಹೊಳೆ ಕಡೆಯಿಂದ ಒಡೀಲಿಲ್ಲ. ಕೆರೆ ಕಡೆಯಿಂದ ಒಡೆದವು."

"ಕೆರೆ ಕಡೆಯಿಂದಲಾ!" ಎಂದು ವಟರಾಯ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅಡ್ಡಕ್ಕ ಅಲ್ಲೇ ಬಿದ್ದಿದ್ದ ಒಂದು ಬಸವನಹುಳುವಿನ ಚಿಪ್ಪಿನಲ್ಲಿ ನೀರು ತುಂಬಿಕೊಂಡು ಒಂದು ಕಲ್ಲು ಹತ್ತಿದಳು. ಅಲ್ಲಿಂದ ಕೆಳಗಿನ ಒದ್ದೆ ಮಣ್ಣಿನ ಮೇಲೆ ಸುರಿದಳು. ಬಿದ್ದ ಕಡೆ ಗುಳಕ್ ಎಂದು ಒಂದು ಗುಣಿ ಆಯಿತು. ಇನ್ನೊಂದು ಚಿಪ್ಪು ಸುರಿದಳು. ಗುಣಿ ಆಳವಾಯಿತು, ಪಕ್ಕದ ಮಣ್ಣು ಕುಸಿದು ಅದರೊಳಗೆ ಬಿತ್ತು. ಆಮೇಲೆ ಬೇರೆ ಕಡೆ, ಇಳಿಜಾರಾಗಿ ನಾಲ್ಕು ನೊರಜುಗಲ್ಲು ಹಾಸಿ, ಅದರ ಮೇಲೆ ಸುರಿದಳು. ನೀರು ಕಲ್ಲಿನ ಮೇಲೆ ಜುಳುಜುಳು ಜಾರಿಕೊಂಡು ಹೋಯಿತು. ಮಣ್ಣಿಗೆ ಏನೂ ಆಗಲಿಲ್ಲ.

"ಮಳೆಗಾಲದ ಮೊದಲಲ್ಲಿ ಹೊಳೆ ತುಂಬಿರುತ್ತೆ, ಕೆರೆ ಇನ್ನೂ ತಳದಲ್ಲಿರುತ್ತೆ," ಎಂದಳು ಅಡ್ಡಕ್ಕ. "ಏರಿ ದಾಟಿದ ನೀರು ಎತ್ತರದಿಂದ ಧುಮುಕಿ ಒಳಗಿನ ಮಣ್ಣನ್ನ ಹೀಗೆ ತಿನ್ನುತ್ತೆ. ಅದರ ಬದಲು ಕೆಳತುದೀಲಿ, ಹೊಳೆಯ ಸೆಳೆತ ಕಡಿಮೆ ಇರೋ ಕಡೆ, ಏರೀನ ಒಂದಿಷ್ಟು ತಗ್ಗಿಸಿ, ಒಳಗೆ ಇಳಿಜಾರು ಮಾಡಿ, ಕಲ್ಲು ಹಾಸಿ. ಹೊಳೆ ಏರೋಕೆ ಶುರುವಾದಾಗಲೇ ನೀರು ಮೆಲ್ಲಗೆ ಒಳಗೆ ಬಂದು ಕೆರೆ ತುಂಬಿರುತ್ತೆ. ಎರಡೂ ಕಡೆ ನೀರು ಸಮ ಆದ ಮೇಲೆ ಧುಮುಕೋದು ಎಲ್ಲಿಗೆ?"

ಗುದ್ದಲಯ್ಯ ಆ ಗುಣಿಯನ್ನು ನೋಡಿದ. ಮಣ್ಣಿನ ಮರ್ಮ ಬಲ್ಲವನಲ್ಲವೇ, ಅವನಿಗೆ ಅರ್ಧ ಕ್ಷಣದಲ್ಲಿ ಅರ್ಥವಾಗಿತ್ತು. "ಹೌದಲ್ಲ!" ಎಂಬ ಮಾತು ಗಂಟಲ ತನಕ ಬಂತು. ಆದರೆ ಸುತ್ತ ಇಡೀ ಕೆರೆ ನೋಡುತ್ತಾ ಕೂತಿತ್ತು. ವಟರಾಯ ಬಾಯಿ ತೆರೆದುಕೊಂಡು ಅವನ ಮುಖವನ್ನೇ ನೋಡುತ್ತಿತ್ತು.

"ಅದು ಚಿಪ್ಪು, ಇದು ಹೊಳೆ," ಎಂದುಬಿಟ್ಟ ಗುದ್ದಲಯ್ಯ. "ಚಿಪ್ಪಿನ ಲೆಕ್ಕ ಹೊಳೆಗೆ ಆಗೋದಿಲ್ಲ. ನಾಳೆಯಿಂದ ಕೆಲಸ ಶುರು!"

ಮಾರನೇ ದಿನವೇ ಕೆಲಸ ಹಿಡಿದ. ಎತ್ತರಿಸಲು ಮಣ್ಣು ಬೇಕಲ್ಲ? ದೂರದಿಂದ ಹೊತ್ತು ತರಲು ಪುರುಸೊತ್ತಿಲ್ಲ. ಏರಿಯ ಒಳಗಿನ ಬುಡದಲ್ಲೇ ಒಳ್ಳೆಯ ಜೇಡಿ ಇತ್ತು. ಅದನ್ನೇ ತೋಡಿ ತೋಡಿ ಮೇಲೆ ಹಾಕಿದ. ಉಟ್ಟ ಪಂಚೆ ಬಿಚ್ಚಿ ತಲೆಗೆ ರುಮಾಲು ಸುತ್ತಿದ ಹಾಗಾಯಿತು. ಏರಿ ಮೇಲೆ ಎರಡು ಮೊಳ ಏರಿತು. ಒಳಗಡೆ ಮೊದಲಿದ್ದ ಇಳಿಜಾರು ಹೋಗಿ ಗೋಡೆಯ ಹಾಗೆ ಕಡಿದಾಯಿತು. ಕೊಕ್ಕರೆಯ ತಲೆಯ ಮೇಲೆ ಇನ್ನೊಂದು ಕೊಕ್ಕರೆ ನಿಂತರೂ ಕೆರೆಯ ನೀರಿನಿಂದ ಏರಿಯ ನೆತ್ತಿ ಮುಟ್ಟುವ ಹಾಗಿರಲಿಲ್ಲ.

ಅತ್ತ ಅಡ್ಡಕ್ಕ ಸುಮ್ಮನೆ ಕೂರಲಿಲ್ಲ. ಕೆಳತುದಿಯಲ್ಲಿ, ಏರಿ ಅಗಲವಾಗಿದ್ದು ಗುದ್ದಲಯ್ಯ ಬುಡ ತೋಡದೆ ಬಿಟ್ಟಿದ್ದ ಕಡೆ, ಒಳಗಿನ ಇಳಿಜಾರಿಗೆ ಒಂದೊಂದೇ ನೊರಜುಗಲ್ಲನ್ನು ಉರುಳಿಸಿ ತಂದು ಹಾಸತೊಡಗಿದಳು. ಏರಿಯನ್ನು ಅಗೆಯುವ ಶಕ್ತಿ ಅವಳಿಗಿರಲಿಲ್ಲ. ಕಲ್ಲು ಉರುಳಿಸುವ ಹಟ ಇತ್ತು.

ಒಂದು ದಿನ ಗುದ್ದಲಯ್ಯ ಆ ದಾರಿಯಲ್ಲಿ ಹೋಗುತ್ತ ನಿಂತು ನೋಡಿದ. ಅವನಿಗೆ ತಡೆಯಲಾಗಲಿಲ್ಲ.

"ಹಾಗಲ್ಲ ಅಡ್ಡಕ್ಕ! ಚಪ್ಪಟೆ ಮುಖ ಕೆಳಗೆ ಹಾಕು. ದೊಡ್ಡ ಕಲ್ಲಿನ ಸಂದಿಗೆ ಸಣ್ಣ ಕಲ್ಲು ಬಿಗಿ. ಇಲ್ಲದಿದ್ರೆ ನೀರು ಬಂದ ಕೂಡಲೇ ಎದ್ದು ಹೋಗುತ್ತೆ."

"ಹೀಗಾ ಮೇಸ್ತ್ರಿಗಳೇ?"

"ಹ್ಞಾ, ಹಾಗೆ. ಇನ್ನೂ ಒತ್ತಿ ಕೂರಿಸು." ಎರಡು ಹೆಜ್ಜೆ ಹೋದವನು ತಿರುಗಿ, "ನಿನ್ನ ಮಾತು ಒಪ್ಪಿದೆ ಅಂತ ಅಲ್ಲ ಮತ್ತೆ! ಕೆಟ್ಟ ಕೆಲಸ ನೋಡೋಕಾಗಲ್ಲ, ಅದಕ್ಕೆ ಹೇಳಿದೆ," ಎಂದ.

"ನಾನೆಲ್ಲಿ ಹಾಗಂದೆ?" ಎಂದಳು ಅಡ್ಡಕ್ಕ, ಮುಂದಿನ ಕಲ್ಲನ್ನು ಉರುಳಿಸುತ್ತ.

ಮೊದಲ ಮಳೆ ಬಂತು. ಹೊಳೆ ಕೆಂಪಾಗಿ ಒಂದು ಮೊಳ ಏರಿತು, ಏರಿಯ ಬುಡ ನೆಕ್ಕಿತು, ಇಳಿಯಿತು. ಅಷ್ಟೇ ಸಾಕಾಯಿತು. ವಟರಾಯನ ಮೇಳ "ಗುದ್ದಲಯ್ಯ ಗೆದ್ದ, ಹೊಳೆ ಬಿದ್ದ!" ಎಂದು ಮೂರು ದಿನ ಹಾಡಿತು. "ಹೊಳೆ ಬಿತ್ತು ಅನ್ನಬೇಕು ಕಣ್ರೋ," ಎಂದು ಕ್ವಾಕಮ್ಮ ತಿದ್ದಿದರೂ ಕೇಳುವವರಿರಲಿಲ್ಲ. ಕ್ವಾಕಮ್ಮ ಮೇಸ್ತ್ರಿಯ ಮಾತು ನಂಬಿ ಜೊಂಡಿನ ನಡುವೆ ಎಂಟು ಮೊಟ್ಟೆ ಇಟ್ಟು ಕಾವಿಗೆ ಕೂತಳು. ಗುದ್ದಲಯ್ಯ ಏರಿಯ ನೆತ್ತಿಯ ಮೇಲೆ ಕೂತು ಮೀಸೆ ತಿದ್ದಿಕೊಂಡ.

ಅದಾದ ಹದಿನೈದು ದಿನಕ್ಕೆ, ಒಂದು ಬೆಳಿಗ್ಗೆ, ಮಿಂಚುಳ್ಳಿಯೊಂದು ಬಿದಿರುಮೆಳೆಯ ಕಡೆಯಿಂದ ಬಾಣದ ಹಾಗೆ ಹಾರಿಬಂತು.

"ಮೇಲಿನ ಬೆಟ್ಟದಲ್ಲಿ ಮೂರು ದಿನದಿಂದ ಒಂದೇ ಸಮ ಮಳೆ! ಹೊಳೆ ಬರ್ತಾ ಇದೆ, ಮರ ಕಿತ್ಕೊಂಡು ಬರ್ತಾ ಇದೆ!" ಎಂದು ಕೂಗಿ, ನಿಲ್ಲದೆ ಮುಂದಿನ ಊರಿಗೆ ಸುದ್ದಿ ಹೇಳಲು ಹೋಯಿತು.

ಬಂತು ನೋಡಿ ಹೊಳೆ! ಗುದ್ದಲಯ್ಯ ನೋಡುತ್ತಿದ್ದಂತೆ ಬುಡ ಮುಳುಗಿತು, ನಡು ಮುಳುಗಿತು. ಹಳೆಯ ಏರಿಯ ಎತ್ತರ ದಾಟಿ ಹೊಸ ಮಣ್ಣನ್ನು ಮುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಹೊಳೆ ಬರುವ ಕಡೆಯ ಮೇಲ್ತುದಿಯಲ್ಲಿ ಒಂದು ಕಡೆ, ಅಂಗೈ ಅಗಲದಷ್ಟು ಜಾಗದಲ್ಲಿ, ನೀರು ಏರಿಯ ನೆತ್ತಿ ಹತ್ತಿ ಈ ಕಡೆ ಇಣುಕಿತು. ಇಣುಕಿದ್ದು ಅಲ್ಲೇ ನಿಲ್ಲುತ್ತದೆಯೇ? ಕೆಳಗೆ, ಎರಡು ಕೊಕ್ಕರೆ ಆಳಕ್ಕೆ, ಧೋ ಎಂದು ಧುಮುಕಿತು.

"ಮಣ್ಣು! ಮಣ್ಣು ತನ್ನಿ!" ಎಂದು ಗುದ್ದಲಯ್ಯ ಕೂಗುತ್ತ ತಾನೇ ತೋಡಿ ತಂದು ಸುರಿದ. ಸುರಿದದ್ದು ಸುರಿದ ಹಾಗೇ ಹೋಯಿತು. ಮತ್ತೆ ಸುರಿದ. ಮತ್ತೆ ಹೋಯಿತು. ಅಷ್ಟರಲ್ಲಿ ಅವನ ಕಾಲ ಕೆಳಗೆಲ್ಲೋ "ಧೊಪ್" ಎಂದಿತು. ಏರಿ ಸಣ್ಣಗೆ ನಡುಗಿತು.

ಅವನು ಅಂಚಿಗೆ ಹೊಟ್ಟೆಯೂರಿ ಮಲಗಿ ಒಳಕ್ಕೆ ಬಗ್ಗಿ ನೋಡಿದ. ಧುಮುಕುವ ನೀರು ಬಿದ್ದ ಕಡೆ ಎಮ್ಮೆ ಮಲಗುವಷ್ಟು ದೊಡ್ಡ ಗುಣಿ ಆಗಿತ್ತು. ತಾನೇ ಕಡಿದು ಮಾಡಿದ ಆ ಗೋಡೆಯಿಂದ ಹೆಂಟೆ ಹೆಂಟೆ ಮಣ್ಣು ಕಳಚಿ ಅದರೊಳಗೆ ಬೀಳುತ್ತಿತ್ತು. ಹೊಳೆಯ ಕಡೆ ಏರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಒಳಗಿನಿಂದ ಅದು ಮುಕ್ಕಾಗುತ್ತಿತ್ತು, ಚಿಪ್ಪಿನ ನೀರಿಗೆ ಆದ ಹಾಗೆಯೇ.

ಇನ್ನೂ ಮಣ್ಣು ಸುರಿದರೆ ಪ್ರಯೋಜನವಿಲ್ಲ ಎಂದು ಗುದ್ದಲಯ್ಯನಿಗೆ ಗೊತ್ತಾಯಿತು. ಎದ್ದವನೇ ಏರಿಯ ಉದ್ದಕ್ಕೂ ಕೆಳತುದಿಗೆ ಓಡಿದ.

"ಅಡ್ಡಕ್ಕಾ! ಎಲ್ಲಿ ಅಗೀಬೇಕು? ಎಷ್ಟು ಅಗಲ?"

ಅಡ್ಡಕ್ಕ ಒಂದು ಮಾತೂ ಹಂಗಿಸಲಿಲ್ಲ. ಹಂಗಿಸಲು ಹೊತ್ತೂ ಇರಲಿಲ್ಲ. ಕೊಂಡಿ ಎತ್ತಿ ತೋರಿಸಿದಳು. "ಈ ಗಡಿಯಿಂದ ಆ ಗಡಿಗೆ. ಕಲ್ಲು ಹಾಸಿದಷ್ಟು ಅಗಲ. ಆಳ ಮಾಡಬೇಡಿ, ಅಗಲ ಮಾಡಿ. ತೆಳ್ಳಗೆ ಹರೀಬೇಕು."

ಗುದ್ದಲಯ್ಯ ಹಲ್ಲು ಹಾಕಿದ. ಒಂದು ಹಿಡಿ ಮಣ್ಣು ತೆಗೆದಿದ್ದನೋ ಇಲ್ಲವೋ, ಕ್ವಾಕಮ್ಮ ರೆಕ್ಕೆ ಬಡಿದುಕೊಂಡು ಬಂದು ಅವನ ಬೆನ್ನಿಗೆ ಕುಕ್ಕಿದಳು.

"ತಲೆ ಕೆಟ್ಟಿದೆಯಾ ಮೇಸ್ತ್ರಿಗಳೇ! ಅಲ್ಲಿ ಒಡೀತಾ ಇದೆ ಅಂದ್ರೆ ಇಲ್ಲೂ ಒಡೀತೀರಾ? ನನ್ನ ಎಂಟು ಮೊಟ್ಟೆ ಇದೆ ಒಳಗೆ! ನೀವು ಹೇಳಿದಿರಿ ಅಂತ ಇಟ್ಟೆ!"

"ನಿಮ್ಮ ಏರೀನ ನೀವೇ ಅಗೀತೀರಾ?" ಎಂದು ವಟರಾಯನೂ ಕಿರುಚಿತು. ಹಿಂದೆ ಇಡೀ ಕೆರೆ ನೆರೆದಿತ್ತು. ಮೇಲ್ತುದಿಯಲ್ಲಿ ಮತ್ತೆ "ಧೊಪ್" ಎಂದಿತು.

ಗುದ್ದಲಯ್ಯ ತಿರುಗಿ ನಿಂತ. ಮೀಸೆ ತುಂಬ ಕೆಸರು. ಕಣ್ಣಲ್ಲಿದ್ದದ್ದು ಕಣ್ಣೀರೋ, ಹೊಳೆಯ ಎರಚಲೋ, ಯಾರಿಗೂ ಗೊತ್ತಾಗಲಿಲ್ಲ. ಗಂಟಲಲ್ಲಿ ವರ್ಷಗಳಿಂದ ಸಿಕ್ಕಿಕೊಂಡಿದ್ದ ಮುಳ್ಳು ಕಿತ್ತುಬಂದ ಹಾಗೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದ:

"ನಾನು ಕಟ್ಟಿದ್ದು ತಪ್ಪು. ಅಡ್ಡಕ್ಕ ಹೇಳಿದ್ದೇ ಸರಿ. ಅವತ್ತೇ ನನಗೆ ಗೊತ್ತಾಗಿತ್ತು, ಬಾಯಿ ಬಿಡಲಿಲ್ಲ. ಈಗ ನನ್ನ ಬೈಯೋಕೆ ನಿಲ್ಲಬೇಡಿ, ಆಮೇಲೆ ಬೇಕಾದಷ್ಟು ಬೈಯಿರಿ. ಈಗ ಅಗೆಯಿರಿ!"

ಕ್ವಾಕಮ್ಮ, "ಎಷ್ಟು ಅಗಲ ಅಂದಿರಿ?" ಎಂದು ಕಾಲಿನಿಂದ ಮಣ್ಣು ಕೆದಕತೊಡಗಿದಳು. ಕಪ್ಪೆಗಳು ಹಿಂಗಾಲಿನಿಂದ ಒದ್ದವು. ಅಡ್ಡಕ್ಕನ ಮಕ್ಕಳು ಕೊಂಡಿಯಲ್ಲಿ ಕತ್ತರಿಸಿದವು. ಆದರೆ ಗುದ್ದಲಯ್ಯ ಅಗೆದದ್ದೇ ಅಗೆತ. ಅಷ್ಟು ಚಂದವಾಗಿ ಕಟ್ಟಿದ್ದನ್ನು ಅಷ್ಟು ಚಂದವಾಗಿ ಕೆಡವಿದವರನ್ನು ನೀವು ಎಲ್ಲೂ ನೋಡಿರಲಿಕ್ಕಿಲ್ಲ.

ಏರಿ ಅಗಲವಾಗಿ ತಗ್ಗಿತು. ಹೊಳೆಯ ನೀರು ಆ ತಗ್ಗನ್ನು ಕಂಡು, ಬಂದು, ತೆಳ್ಳಗೆ ಹರಡಿ, ಕಲ್ಲುಹಾಸಿನ ಮೇಲೆ ಜಾರಿತು. ಗುದ್ದಲಯ್ಯ ಬಗ್ಗಿ ಕಲ್ಲುಗಳನ್ನೇ ನೋಡಿದ. ಒಂದು ಕಲ್ಲು ಅಲುಗಾಡಿತು. ಎದ್ದೇಬಿಟ್ಟಿತು ಎನ್ನುವಾಗ ಪಕ್ಕದ ಸಣ್ಣ ಕಲ್ಲು ಅದನ್ನು ಬಿಗಿಹಿಡಿಯಿತು. ಉಳಿದವು ಕದಲಲಿಲ್ಲ.

ಕೆರೆ ಮೆಲ್ಲಗೆ ತುಂಬತೊಡಗಿತು. "ಅಯ್ಯೋ, ನನ್ನ ಗೂಡು!" ಎಂದು ಕ್ವಾಕಮ್ಮ ಓಡಿದಳು. ನೀರು ಒಂದು ಬೆರಳು ಏರಿದರೆ ಅವಳು ಗೂಡಿನ ಕೆಳಗೆ ಎರಡು ಜೊಂಡು ತುರುಕಿದಳು. ಇನ್ನೊಂದು ಬೆರಳು ಏರಿದರೆ ಇನ್ನೆರಡು. ವಟರಾಯನ ಮೇಳಕ್ಕೆ ಅವತ್ತು ಹಾಡಲು ಬಿಡುವಾಗಲಿಲ್ಲ. ಜೊಂಡು ಕಚ್ಚಿ ತರುವುದೇ ಆಯಿತು. ಗೂಡು ದೋಣಿಯ ಹಾಗೆ ನೀರಿನೊಂದಿಗೇ ಮೇಲೇರಿತು. ನಡುವೆ ಒಂದು ಮೊಟ್ಟೆ ಉರುಳಿ ನೀರಿಗೆ ಬಿತ್ತು. ಕ್ವಾಕಮ್ಮ ಅತ್ತಳು, ಅಳುತ್ತಲೇ ಉಳಿದ ಏಳಕ್ಕಾಗಿ ಇನ್ನೆರಡು ಜೊಂಡು ತುರುಕಿದಳು.

ಗುದ್ದಲಯ್ಯ ಮೇಲ್ತುದಿಗೂ ಕೆಳತುದಿಗೂ ಓಡಾಡುತ್ತಿದ್ದ. ಮೇಲ್ತುದಿಯಲ್ಲಿ ಧುಮುಕುವ ನೀರು ಮೊದಲು ಎರಡು ಕೊಕ್ಕರೆ ಆಳ ಬೀಳುತ್ತಿತ್ತು. ಕೆರೆ ಏರಿದ ಹಾಗೆಲ್ಲ ಬೀಳುವ ಆಳ ಒಂದು ಕೊಕ್ಕರೆಯಾಯಿತು, ಅರ್ಧ ಕೊಕ್ಕರೆಯಾಯಿತು, ಕೊನೆಗೆ ಕಪ್ಪೆ ನೆಗೆದರೆ ಮುಟ್ಟುವಷ್ಟಾಯಿತು. ಎತ್ತರ ಹೋದ ಮೇಲೆ ಅದರ ಜೋರೂ ಹೋಯಿತು. "ಧೊಪ್" ಎನ್ನುವ ಸದ್ದು ನಿಂತಿತು. ಸಂಜೆಯ ಹೊತ್ತಿಗೆ ಹೊಳೆಯ ನೀರೂ ಕೆರೆಯ ನೀರೂ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ನಡುವೆ ಏರಿ, ಅಲ್ಲಲ್ಲಿ ಮುಕ್ಕಾಗಿ, ಕೆಸರಾಗಿ, ಆದರೆ ನಿಂತೇ ಇತ್ತು.

ಮೂರನೇ ದಿನ ಹೊಳೆ ಇಳಿಯಿತು. ಏರಿಯ ಒಳಗಿದ್ದ ಗುದ್ದಲಯ್ಯನ ಸ್ವಂತ ಬಿಲ, ಅದರಲ್ಲಿ ಕೂಡಿಟ್ಟ ಕಾಳಿನ ಸಮೇತ, ಕೊಚ್ಚಿಹೋಗಿತ್ತು. ಅವನು ಆ ತೂತಿನ ಮುಂದೆ ಕೂತಿದ್ದಾಗ ಅಡ್ಡಕ್ಕ ಪಕ್ಕಪಕ್ಕಕ್ಕೆ ಬಂದು ಕೂತಳು.

"ಈಗ ಬೈಯೋಕೆ ಬಂದೆಯಾ ಅಡ್ಡಕ್ಕ?"

"ಇಲ್ಲ ಮೇಸ್ತ್ರಿಗಳೇ. ಒಳಗಿನ ಬುಡದಿಂದ ನೀವು ತೆಗೆದ ಮಣ್ಣನ್ನ ವಾಪಸ್ ಹಾಕಿ ಇಳಿಜಾರು ಮಾಡಬೇಕಲ್ಲ, ಯಾವ ಮಣ್ಣು ಒಳ್ಳೇದು ಅಂತ ಕೇಳೋಣ ಅಂತ ಬಂದೆ. ನನಗೆ ಮಣ್ಣಿನ ಗುಟ್ಟು ಗೊತ್ತಿಲ್ಲ."

ಗುದ್ದಲಯ್ಯ ಅವಳ ಮುಖ ನೋಡಿದ. ನಗು ಬಂತು, ನಕ್ಕ.

ಮಳೆಗಾಲ ಕಳೆದು ಬಂದ ಬೇಸಿಗೆಯಲ್ಲಿ ಇಬ್ಬರೂ ಸೇರಿ ಕೆಲಸ ಹಿಡಿದರು. ರುಮಾಲಿನಂತಿದ್ದ ಎತ್ತರವನ್ನು ಇಳಿಸಿ ಬುಡಕ್ಕೆ ಕೊಟ್ಟರು. ಕೆಳತುದಿಯ ತಗ್ಗನ್ನು ಇನ್ನಷ್ಟು ಅಗಲ ಮಾಡಿ, ಚಪ್ಪಟೆ ಮುಖ ಕೆಳಗೆ ಹಾಕಿ, ಸಂದಿ ಸಂದಿಗೂ ಸಣ್ಣ ಕಲ್ಲು ಬಿಗಿದು, ಕೆರೆಯ ತಳದ ತನಕ ಹಾಸಿದರು. ಮಿಕ್ಕ ಇಳಿಜಾರಿಗೆಲ್ಲ ಲಾವಂಚದ ಬುಡ ನೆಟ್ಟರು. ಆ ಹುಲ್ಲಿನ ಬೇರು ಆಳಕ್ಕೆ ಇಳಿದು ಮಣ್ಣನ್ನು ಮುಷ್ಟಿ ಹಿಡಿದುಕೊಳ್ಳುತ್ತದೆ. ಕೆಲಸದ ನಡುವೆ ಇಬ್ಬರೂ ದಿನಕ್ಕೆ ನಾಲ್ಕು ಸಲ ಜಗಳವಾಡುತ್ತಿದ್ದರು. ಎರಡು ಸಲ ಗುದ್ದಲಯ್ಯನದು ಸರಿ ಇರುತ್ತಿತ್ತು, ಎರಡು ಸಲ ಅಡ್ಡಕ್ಕನದು. ಮುಂದಿನ ಮಳೆಗಾಲದಲ್ಲಿ ಹೊಳೆ ಬಾಗಿಲಿನಿಂದ ಬಂದು, ಒಂದು ವಾರ ಇದ್ದು, ಬಾಗಿಲಿನಿಂದಲೇ ಹೋಯಿತು. ಏರಿಯ ಒಂದು ಹೆಂಟೆಯೂ ಕದಲಲಿಲ್ಲ.

ಸುದ್ದಿ ಹಬ್ಬದೆ ಇರುತ್ತದೆಯೇ? ಹೊಳೆಯ ಆಚೆ ದಡದ ಇನ್ನೊಂದು ಗುಂಡಿಕೆರೆಯಿಂದ ಒಂದು ಬಾತುಕೋಳಿ ಈಜಿಕೊಂಡು ಬಂತು.

"ಗುದ್ದಲಯ್ಯ ಮೇಸ್ತ್ರಿಗಳು ಅಂದ್ರೆ ತಾವೇನಾ? ನಮ್ಮ ಏರೀಗೂ ತಾವು ಒಂದು ಸಲ ಬರಬೇಕು. ನಿಮ್ಮಂಥ ಜಾಣರು ಈ ಹೊಳೆ ಸಾಲಲ್ಲೇ ಇಲ್ಲವಂತೆ!"

ಗುದ್ದಲಯ್ಯನ ಮೀಸೆ ಒಂದು ಸಲ ಅಲುಗಿತು. ಹೊಗಳಿಕೆ ಯಾರಿಗೆ ತಾನೇ ಬೇಡ? ಆದರೆ ಅವನು ಕೇಳಿದ್ದೇ ಬೇರೆ.

"ಬರ್ತೀನಿ. ಅದಕ್ಕೆ ಮೊದಲು ಒಂದು ಮಾತು. ನೀವು ಏನು ಹೇಳಿದರೂ ಅದಕ್ಕೆ ಇಲ್ಲ ಅನ್ನೋರು ನಿಮ್ಮ ಕೆರೇಲಿ ಯಾರಾದರೂ ಇದ್ದಾರಾ?"

"ಅಯ್ಯೋ, ಇದ್ದಾನೆ!" ಎಂದಿತು ಬಾತುಕೋಳಿ, ಕತ್ತು ಕೊಂಕಿಸಿ. "ಒಬ್ಬ ಮುದಿ ಆಮೆ. ಸದಾ ಗೊಣಗಾಟ. ನಾವ್ಯಾರೂ ಅವನ ಮಾತು ಕಿವಿ ಮೇಲೆ ಹಾಕ್ಕೊಳ್ಳೋದಿಲ್ಲ."

"ಹಾಗಾದರೆ ಏರಿ ಆಮೇಲೆ ನೋಡೋಣ," ಎಂದ ಗುದ್ದಲಯ್ಯ, ನೀರಿಗೆ ಇಳಿಯುತ್ತ. "ಮೊದಲು ನನ್ನನ್ನ ಅವನ ಮನೆಗೆ ಕರ್ಕೊಂಡು ಹೋಗು."

ನೀತಿ: ತಗ್ಗಬೇಕಾದ ಕಡೆ ತಗ್ಗಿದರೆ ಏರಿಯೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.